ನಿದ್ದೆ ಮಾತ್ರೆ ಸುದ್ದಿಯ ಹಸಿರು ಗೆರೆ

ಮಾನ್ಯ ಸಂಪಾದಕರೇ,

ನಿದ್ದೆ ಮಾತ್ರೆ ನುಂಗಿದರೆ ಮಿದುಳು ರಾತ್ರಿ ಹೊತ್ತು ತನ್ನ ಕಸ ತೊಳೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ ಎಂಬ ಅರ್ಥದ ಲೇಖನ ನಿಮ್ಮ ವಿಜ್ಞಾನ ಪುಟದಲ್ಲಿ ಬಂದಿದೆ. ಜೊತೆಗೆ ಏರಿಳಿಯುವ ಹಸಿರು ಗೆರೆಯೊಂದರ ಚಿತ್ರ, ಅದರಡಿ ‘ಮಿದುಳಿನಲ್ಲಿ ನಾರ್‌ಎಪಿನೆಫ್ರಿನ್ ಪ್ರಮಾಣ’ ಎಂಬ ಬರಹ. ಲೇಖನಕ್ಕೆ ಆಧಾರ, ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ 2025ರ ಜನವರಿಯಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ನಾರ್‌ಎಪಿನೆಫ್ರಿನ್ ಎಂಬ ನರಸಂದೇಶ ರಾಸಾಯನಿಕ ನಿದ್ದೆಯಲ್ಲಿ ಅಲೆಅಲೆಯಾಗಿ ಏರಿಳಿಯುತ್ತದೆ, ಅದಕ್ಕೆ ತಕ್ಕಂತೆ ರಕ್ತನಾಳಗಳು ಹಿಗ್ಗಿ ಕುಗ್ಗಿ ಕಸ ತೊಳೆಯುವ ಮಿದುಳ ದ್ರವವನ್ನು ದೂಡುತ್ತವೆ ಎಂಬುದು ಅದರ ವಾದ. ಅಧ್ಯಯನದ ಬಗ್ಗೆ ನಮ್ಮ ತಕರಾರಿಲ್ಲ, ತಕರಾರೆಲ್ಲ ಆ ಅಡಿಬರಹದ ಮೇಲೆ. ಆ ಗೆರೆ ನಾರ್‌ಎಪಿನೆಫ್ರಿನ್‌ನ ಪ್ರಮಾಣ ಅಲ್ಲ. ಇಲಿಯ ಮಿದುಳಿಗೆ ಇಳಿಸಿದ ಗಾಜಿನ ಎಳೆಯೊಳಗೆ ವಾಪಸು ಬಂದ ಹಸಿರು ಬೆಳಕಿನ ಏರಿಳಿತ ಅದು. ಬೆಳಕಿನಿಂದ ರಾಸಾಯನಿಕದವರೆಗಿನ ದಾರಿಯಲ್ಲಿ ಎಡವಲು ಜಾಗಗಳು ಹಲವು. ಇಂಥ ಸುದ್ದಿಗಳು ಇನ್ನೂ ಬರುತ್ತಲೇ ಇರುವುದರಿಂದ ಆ ದಾರಿಯನ್ನು ಒಮ್ಮೆ ಓದುಗರ ಮುಂದಿಡುತ್ತಿದ್ದೇವೆ.

ನಾರ್‌ಎಪಿನೆಫ್ರಿನ್ ಅಂದರೆ ನಮ್ಮ ಪಠ್ಯಪುಸ್ತಕಗಳ ನಾರ್‌ಅಡ್ರಿನಲಿನ್. ಅನುವೇದಕ (ಸಿಂಪಥೆಟಿಕ್) ನರಗಳ ಸಂದೇಶವಾಹಕ ಇದೇ ಎಂದು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ತೋರಿಸಿದ್ದು 1946ರಲ್ಲಿ. 1970ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಮಿದುಳಿನಲ್ಲಿ ಇದರ ಮುಖ್ಯ ಮೂಲ ಮಿದುಳುಕಾಂಡದ ಎರಡೂ ಬದಿಗಿರುವ ಲೋಕಸ್ ಸೆರೂಲಿಯಸ್ ಎಂಬ ಪುಟ್ಟ ಗಂಟು. ಇಲಿಯಲ್ಲಿ ಒಂದೊಂದು ಬದಿಗೆ ಸುಮಾರು 1,500 ನರಕೋಶಗಳು, ಮನುಷ್ಯರಲ್ಲಿ ಎರಡೂ ಬದಿ ಸೇರಿ ಕೆಲವು ಹತ್ತು ಸಾವಿರ, ಅಷ್ಟೇ. ಆದರೆ ಅವುಗಳ ಎಳೆಗಳು ಮುಮ್ಮಿದುಳಿನಿಂದ ಬೆನ್ನುಹುರಿಯವರೆಗೆ ಹರಡಿಕೊಂಡಿವೆ. ಎಚ್ಚರ, ಗಮನ, ಬೆಚ್ಚಿಬೀಳುವುದು, ನಿದ್ದೆಯ ಆಳ, ರಕ್ತನಾಳಗಳ ಬಿಗಿತ ಎಲ್ಲದರಲ್ಲೂ ಇದರ ಕೈವಾಡವಿದೆ. ‘ಒತ್ತಡದ ರಾಸಾಯನಿಕ’ ಎಂದು ಬರೆದು ಮುಗಿಸುವುದು ಸುಲಭ, ಆದರೆ ಅದು ಅರ್ಧ ಮಾತು.

ಬೆಳಕು ಬಳಸಿ ಇದನ್ನು ಹುಡುಕುವುದೂ ಹೊಸತಲ್ಲ. 1960ರ ದಶಕದ ಆರಂಭದಲ್ಲೇ ಫಾಲ್ಕ್ ಮತ್ತು ಹಿಲ್ಲಾರ್ಪ್, ಒಣಗಿಸಿದ ಮಿದುಳಿನ ಚೂರಿಗೆ ಫಾರ್ಮಾಲ್ಡಿಹೈಡ್ ಆವಿ ತಾಗಿಸಿದರೆ ಈ ಬಗೆಯ ರಾಸಾಯನಿಕಗಳು ಹೊಳೆಯುತ್ತವೆ ಎಂದು ಕಂಡುಕೊಂಡರು. ಅದೇ ವಿಧಾನದಿಂದ 1964ರಲ್ಲಿ ಡಾಲ್‌ಸ್ಟ್ರೋಮ್ ಮತ್ತು ಫ್ಯೂಕ್ಸೆ ಆ ನರಕೋಶಗಳ ನಕ್ಷೆಯನ್ನೇ ಬರೆದರು. ಸೆರೊಟೋನಿನ್ ಹಳದಿ ಹೊಳೆಯಿತು. ನಾರ್‌ಎಪಿನೆಫ್ರಿನ್ ಮತ್ತು ಡೋಪಮಿನ್ ಮಾತ್ರ ಎರಡೂ ಹಸಿರು. ಬಣ್ಣ ನೋಡಿ ಯಾವುದು ಯಾವುದೆಂದು ಹೇಳುವಂತಿರಲಿಲ್ಲ. ಆಮೇಲೆ ಬಂದ ವಿದ್ಯುತ್-ರಾಸಾಯನಿಕ ವಿಧಾನಕ್ಕೂ ಅದೇ ಕಷ್ಟ: ಇಂಗಾಲದ ಎಳೆಯ ತುದಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ವೋಲ್ಟೇಜಿಗೆ ಉತ್ಕರ್ಷಣಗೊಳ್ಳುತ್ತವೆ. ಮಿದುಳಿನೊಳಗಿನ ದ್ರವವನ್ನು ತೆಳು ಪೊರೆಯ ಮೂಲಕ ಸೋಸಿ ತೆಗೆದು ಅಳೆಯುವ ಮೈಕ್ರೊಡಯಾಲಿಸಿಸ್ ಎರಡನ್ನೂ ಖಚಿತವಾಗಿ ಬೇರ್ಪಡಿಸುತ್ತದೆ ನಿಜ, ಆದರೆ ಒಂದು ಮಾದರಿ ತುಂಬಲು ಮಾಮೂಲಾಗಿ ಹತ್ತಿಪ್ಪತ್ತು ನಿಮಿಷ ಬೇಕು. ಅರ್ಧ ನಿಮಿಷಕ್ಕೊಮ್ಮೆ ಏರಿಳಿಯುವ ಸಂಗತಿಗೆ ಆ ಗಡಿಯಾರ ಉಪಯೋಗಕ್ಕೆ ಬಾರದು.

ಈ ಕೊರತೆ ತುಂಬಿದ್ದು 2019ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಯುಲಾಂಗ್ ಲಿ ಅವರ ತಂಡ ‘ನ್ಯೂರಾನ್’ ಪತ್ರಿಕೆಯಲ್ಲಿ ವರದಿ ಮಾಡಿದ ಗ್ರಾಬ್-ಎನ್‌ಇ ಸೆನ್ಸರ್. ನಾರ್‌ಎಪಿನೆಫ್ರಿನ್ ಹಿಡಿಯಲೆಂದೇ ದೇಹದಲ್ಲಿರುವ ಆಲ್ಫಾ-2ಎ ಗ್ರಾಹಿ ಪ್ರೋಟೀನನ್ನು ತೆಗೆದುಕೊಂಡು, ಕೋಶದ ಒಳಮುಖಕ್ಕಿರುವ ಅದರ ಮೂರನೇ ಕುಣಿಕೆಯೊಳಗೆ, ಹಸಿರಾಗಿ ಹೊಳೆಯುವ ಜಿಎಫ್‌ಪಿ ಎಂಬ ಪ್ರೋಟೀನನ್ನು ಕ್ರಮ ಬದಲಿಸಿ ಹೆಣೆದು ಸೇರಿಸಿದ್ದಾರೆ. ನಾರ್‌ಎಪಿನೆಫ್ರಿನ್ ಬಂದು ಕೂತಾಗ ಗ್ರಾಹಿಯ ಆಕಾರ ಹೊರಳುತ್ತದೆ, ಜಿಎಫ್‌ಪಿಯ ವರ್ಣಕೇಂದ್ರದ ಸುತ್ತಲ ಪರಿಸರ ಬದಲಾಗಿ ಅದು ಹೆಚ್ಚು ಬೆಳಗುತ್ತದೆ. ಮೊದಲ ಕಂತಿನಲ್ಲಿ ಎರಡು ಬಗೆ ಬಂದವು. ‘1ಎಂ’ ಅರ್ಧದಷ್ಟು ತುಂಬಲು ಸುಮಾರು 1.9 ಮೈಕ್ರೊಮೋಲಾರ್ ಸಾಂದ್ರತೆ ಬೇಕು, ‘1ಎಚ್’ಗೆ ಅದರ ಇಪ್ಪತ್ತನೇ ಒಂದು ಪಾಲು, ಸುಮಾರು 93 ನ್ಯಾನೊಮೋಲಾರ್ ಸಾಕು. ಎರಡೂ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಹೊತ್ತಿಕೊಳ್ಳುತ್ತವೆ. ಆರಲು 1ಎಂಗೆ ಮುಕ್ಕಾಲು ಸೆಕೆಂಡು, 1ಎಚ್‌ಗೆ ಎರಡು ಸೆಕೆಂಡಿನ ಹತ್ತಿರ ಬೇಕು. ಹೆಚ್ಚು ಸೂಕ್ಷ್ಮವಾದದ್ದು ನಿಧಾನವಾಗಿ ಆರುತ್ತದೆ. ಬಿಗಿಯಾಗಿ ಹಿಡಿದದ್ದು ಬೇಗ ಬಿಡುವುದಿಲ್ಲವಲ್ಲ. ಮೇಲಾಗಿ ಅದು ಬೇಗ ತುಂಬಿಹೋಗುತ್ತದೆ. ಆಮೇಲೆ ರಾಸಾಯನಿಕ ಎರಡು ಪಟ್ಟಾದರೂ ಗೆರೆ ಮೇಲೇಳುವುದಿಲ್ಲ. ಕೋಪನ್‌ಹೇಗನ್ ತಂಡ ನಿದ್ದೆಯ ಅಧ್ಯಯನಗಳಲ್ಲಿ ಬಳಸಿದ್ದು ಮುಂದಿನ ಪೀಳಿಗೆಯ ‘2ಎಂ’. ಜ್ಯೂರಿಕ್‌ನ ಟೊಮಾಸೊ ಪಾಟ್ರಿಯಾರ್ಕಿ ಅವರ ತಂಡ 2023ರಲ್ಲಿ ಆಲ್ಫಾ-1 ಗ್ರಾಹಿಯನ್ನು ಆಧರಿಸಿ ಎನ್‌ಲೈಟ್ ಎಂಬ ಹಸಿರು, ಕೆಂಪು ಸೆನ್ಸರ್‌ಗಳನ್ನು ತಂದಿತು. ಮೂಲ ಗ್ರಾಹಿ ಆಲ್ಫಾ-1 ಅಥವಾ ಆಲ್ಫಾ-2 ಎಂಬುದು ಸಣ್ಣ ವಿವರದಂತೆ ಕಾಣಬಹುದು. ಔಷಧಗಳ ಮಾತು ಬಂದಾಗ ಎಲ್ಲವೂ ಅದರ ಮೇಲೇ ನಿಲ್ಲುತ್ತದೆ.

ಈಗ ಕೆಲಸದ ಕ್ರಮ. ಸೆನ್ಸರ್‌ನ ಜೀನನ್ನು ಎಎವಿ ಎಂಬ ನಿರುಪದ್ರವಿ ವೈರಸ್ಸಿನಲ್ಲಿ ತುಂಬುತ್ತಾರೆ. ಮಿಲಿಲೀಟರಿಗೆ ಹತ್ತರ ಹದಿಮೂರನೇ ಘಾತದ ಆಸುಪಾಸಿನ ಕಣಗಳಿರುವುದು ರೂಢಿ. ಅರಿವಳಿಕೆ ಕೊಟ್ಟ ಇಲಿಯ ತಲೆಯನ್ನು ಅಲುಗದಂತೆ ಹಿಡಿಯುವ ಸ್ಟೀರಿಯೊಟ್ಯಾಕ್ಸಿಕ್ ಚೌಕಟ್ಟಿನಲ್ಲಿ ಕೂರಿಸಿ, ಮುಮ್ಮಿದುಳಿನ ಒಳಬದಿಯ ತೊಗಟೆಗಾದರೆ ತಲೆಬುರುಡೆಯ ಮೂಳೆಗಳು ಕೂಡುವ ಬ್ರೆಗ್ಮಾ ಬಿಂದುವಿನಿಂದ ಸುಮಾರು 1.9 ಮಿಲಿಮೀಟರ್ ಮುಂದೆ, 0.3ರಿಂದ 0.5 ಮಿಲಿಮೀಟರ್ ಪಕ್ಕಕ್ಕೆ, 2 ಮಿಲಿಮೀಟರ್ ಆಳಕ್ಕೆ ಸೂಜಿ ಇಳಿಸುತ್ತಾರೆ. ನಿಮಿಷಕ್ಕೆ 50ರಿಂದ 100 ನ್ಯಾನೊಲೀಟರ್ ವೇಗದಲ್ಲಿ ಒಟ್ಟು 300ರಿಂದ 500 ನ್ಯಾನೊಲೀಟರ್. ಬಿಟ್ಟಾದ ಮೇಲೆ ಐದರಿಂದ ಹತ್ತು ನಿಮಿಷ ಸೂಜಿಯನ್ನು ಅಲ್ಲಾಡಿಸಬಾರದು. ಅವಸರದಲ್ಲಿ ಎಳೆದರೆ ದ್ರಾವಣ ಸೂಜಿ ಬಂದ ದಾರಿಯಲ್ಲೇ ಮೇಲೆ ಹತ್ತಿ, ಬೇಡದ ಪದರದಲ್ಲಿ ಸೆನ್ಸರ್ ಬೆಳೆಯುತ್ತದೆ. ವೈರಸ್ಸನ್ನು ಮೈನಸ್ 80 ಡಿಗ್ರಿಯಲ್ಲಿ ಸಣ್ಣ ಸಣ್ಣ ಪಾಲು ಮಾಡಿ ಇಡಬೇಕು. ಕರಗಿಸಿ ಮತ್ತೆ ಗಟ್ಟಿ ಮಾಡಿದ ಪ್ರತಿ ಸಲವೂ ಅದರ ಬಲ ಕುಂದುತ್ತದೆ. ಆಮೇಲೆ 200 ಅಥವಾ 400 ಮೈಕ್ರೊಮೀಟರ್ ದಪ್ಪದ ಗಾಜಿನ ಎಳೆಯನ್ನು ಚುಚ್ಚಿದ ಜಾಗಕ್ಕಿಂತ 0.1–0.2 ಮಿಲಿಮೀಟರ್ ಮೇಲೆ ನಿಲ್ಲಿಸಿ, ದಂತವೈದ್ಯರ ಸಿಮೆಂಟಿನಿಂದ ಬಿಗಿಯುತ್ತಾರೆ. ಸಿಮೆಂಟಿಗೆ ಇಂಗಾಲದ ಪುಡಿ ಬೆರೆಸಿ ಕಪ್ಪಾಗಿಸುವುದು ಅಲಂಕಾರಕ್ಕಲ್ಲ, ಕೋಣೆಯ ಬೆಳಕು ಒಳಗೆ ಸೋರದಿರಲಿ ಎಂದು.

ಮೂರ್ನಾಲ್ಕು ವಾರ ಬಿಟ್ಟು ಅಳತೆ. ಸುಮಾರು 470 ನ್ಯಾನೊಮೀಟರ್‌ನ ನೀಲಿ ಬೆಳಕನ್ನು ಎಳೆಯ ತುದಿಯಲ್ಲಿ 20ರಿಂದ 50 ಮೈಕ್ರೊವಾಟ್‌ನಷ್ಟು ಮಾತ್ರ ಬಿಡುತ್ತಾರೆ. 500ರಿಂದ 550 ನ್ಯಾನೊಮೀಟರ್‌ನ ಹಸಿರು ವಾಪಸು ಬರುತ್ತದೆ. ಬೆಳಕು ಜಾಸ್ತಿ ಕೊಟ್ಟರೆ ಸಂಕೇತ ಚೆನ್ನಾಗಿರುತ್ತದೆಂದು ಹೊಸಬರು ಗುಂಡಿ ತಿರುಗಿಸುವುದುಂಟು. ಗಂಟೆಯೊಳಗೆ ಸೆನ್ಸರ್ ಬಣ್ಣಗೆಡುತ್ತದೆ, ಗೆರೆ ಇಳಿಜಾರಿಗೆ ಬೀಳುತ್ತದೆ. ಆಮೇಲೆ ಗಣಿತದಲ್ಲಿ ಎಷ್ಟು ನೆಟ್ಟಗೆ ಮಾಡಿದರೂ ನಿಧಾನದ ನಿಜ ಏರಿಳಿತವೂ ಅದರೊಂದಿಗೆ ಅಳಿಸಿಹೋಗುತ್ತದೆ. ಸಂಪರ್ಕದ ಕೇಬಲ್ ತಾನೇ ಮಂದವಾಗಿ ಹೊಳೆಯುವುದರಿಂದ ಅದರೊಳಗೆ ಹಿಂದಿನ ರಾತ್ರಿಯಿಡೀ ಜೋರು ಬೆಳಕು ಹಾಯಿಸಿ ಆ ಹೊಳಪನ್ನು ತಗ್ಗಿಸಿಕೊಳ್ಳಬೇಕು. ಗೆರೆಯಲ್ಲಿ ಒಂದೇ ಏಟಿಗೆ ಮೆಟ್ಟಿಲು ಕಂಡರೆ ಅದು ರಾಸಾಯನಿಕವಲ್ಲ, ತಲೆಯ ಮೇಲೆ ಎಳೆಯನ್ನೂ ಕೇಬಲ್ಲನ್ನೂ ಕೂಡಿಸುವ ತೋಳುಕೊಳವೆ ಜಾರಿರುತ್ತದೆ.

ಲೇಖನದಲ್ಲಿ ಪೂರ್ತಿ ಬಿಟ್ಟುಹೋಗಿರುವುದು ರಕ್ತದ ವಿಷಯ. ಹಿಮೊಗ್ಲೋಬಿನ್ ನೀಲಿಯನ್ನೂ ಹೀರುತ್ತದೆ, ಹಸಿರನ್ನೂ ಹೀರುತ್ತದೆ. 600 ನ್ಯಾನೊಮೀಟರ್ ದಾಟಿ ಕೆಂಪಿಗೆ ಹೋದರೆ ಮಾತ್ರ ಹೀರಿಕೆ ತೀರಾ ಕಡಿಮೆಯಾಗುತ್ತದೆ. ಎಳೆಯ ತುದಿಯ ಮುಂದಿರುವ ರಕ್ತನಾಳಗಳು ಹಿಗ್ಗಿದರೆ ಹೋಗುವ ಬೆಳಕೂ ಕಡಿಮೆ, ಬರುವ ಬೆಳಕೂ ಕಡಿಮೆ. ದೀಪದ ಕುಡಿ ಹಾಗೇ ಇದ್ದು ಲಾಟೀನಿನ ಗಾಜಿಗೆ ಮಸಿ ಹಿಡಿದ ಹಾಗೆ. ಬೇರೆ ರಾಸಾಯನಿಕಗಳ ವಿಷಯದಲ್ಲಿ ಇದು ಬರೀ ಕಿರಿಕಿರಿ. ನಾರ್‌ಎಪಿನೆಫ್ರಿನ್ ವಿಷಯದಲ್ಲಿ ಇದು ಬಲೆ, ಯಾಕೆಂದರೆ ರಕ್ತನಾಳಗಳನ್ನು ಬಿಗಿಯುವುದು ಅದರದೇ ಕೆಲಸ. ನಾರ್‌ಎಪಿನೆಫ್ರಿನ್ ಏರಿದಾಗ ನಾಳ ಬಿಗಿಯುತ್ತದೆ, ರಕ್ತ ಕಡಿಮೆಯಾಗುತ್ತದೆ, ತಡೆ ಕಳೆದು ಹಸಿರು ಹೆಚ್ಚುತ್ತದೆ. ಅಂದರೆ ಸೆನ್ಸರ್ ಸುಮ್ಮನಿದ್ದರೂ ಗೆರೆ ಏರೀತು, ಅದೂ ನಾವು ನಿರೀಕ್ಷಿಸುವ ದಿಕ್ಕಿನಲ್ಲೇ! ವಿರುದ್ಧ ದಿಕ್ಕಿಗೆ ಹೋಗುವ ದೋಷ ಬೇಗ ಕಣ್ಣಿಗೆ ಬೀಳುತ್ತದೆ; ಒಪ್ಪುವ ದಿಕ್ಕಿನಲ್ಲೇ ಬರುವ ದೋಷವನ್ನು ಯಾರೂ ಹುಡುಕುವುದಿಲ್ಲ.

ಇದಕ್ಕೆ ಮದ್ದು ಇದೆ. ಸೆನ್ಸರ್‌ನ ಗೂಡಿನಲ್ಲಿ ಒಂದು ಅಮೈನೊ ಆಮ್ಲ ಬದಲಿಸಿ, ನಾರ್‌ಎಪಿನೆಫ್ರಿನ್ ಕೂರಲಾಗದಂತೆ ಮಾಡಿದ ರೂಪಾಂತರಿಯೊಂದು ಸಿಗುತ್ತದೆ. ಹಾಗೇ ಬೆಳಗುತ್ತದೆ, ಆದರೆ ಹಿಡಿಯುವುದಿಲ್ಲ. ಇನ್ನೊಂದು ಗುಂಪು ಇಲಿಗಳಲ್ಲಿ ಅದನ್ನು ಬೆಳೆಸಿ ಇಡೀ ಪ್ರಯೋಗವನ್ನು ಮತ್ತೆ ಮಾಡಬೇಕು. ಅಲ್ಲೂ ಅದೇ ಅಲೆ ಬಂದರೆ ಅದು ರಕ್ತದ್ದು, ಅಥವಾ ತಲೆಯ ಅಲುಗಾಟದ್ದು, ಅಥವಾ ಆಮ್ಲೀಯತೆಯದ್ದು. ಜಿಎಫ್‌ಪಿ ಸ್ವಭಾವತಃ ಆಮ್ಲಕ್ಕೆ ಮಂಕಾಗುತ್ತದೆ. ವೆಚ್ಚ, ವಾರಗಳು, ಪ್ರಾಣಿಗಳು ಎಲ್ಲ ಇಮ್ಮಡಿಯಾಗುವುದರಿಂದ ಬಿಟ್ಟುಬಿಡುವ ಆಸೆ ಹುಟ್ಟುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಗುಂಪು ಇಲ್ಲದ, ರಕ್ತವನ್ನೂ ಬೇರೆಯಾಗಿ ಅಳೆಯದ ನಾರ್‌ಎಪಿನೆಫ್ರಿನ್ ಗೆರೆಯನ್ನು ಅರ್ಧ ಮಾತ್ರ ನಂಬಬೇಕು.

ಬದಲಿಗೆ ಹಲವರು ನೆಚ್ಚಿಕೊಳ್ಳುವುದು 405 ನ್ಯಾನೊಮೀಟರ್‌ನ ನೇರಳೆ ಬೆಳಕನ್ನು. ನರಕೋಶದ ಚಟುವಟಿಕೆ ತೋರಿಸುವ ಕ್ಯಾಲ್ಸಿಯಂ ಸೆನ್ಸರ್‌ಗಳಲ್ಲಿ ಆ ತರಂಗಾಂತರದ ಸುತ್ತ ಬೆಳಕು ಕ್ಯಾಲ್ಸಿಯಂಗೆ ಸ್ಪಂದಿಸುವುದಿಲ್ಲ, ಹಾಗಾಗಿ ಅಲ್ಲಿ ಕಂಡದ್ದೆಲ್ಲ ದೋಷವೆಂದು ಕಳೆದುಬಿಡಬಹುದು. ಅದೇ ಉಪಕರಣ, ಅದೇ ಸಾಫ್ಟ್‌ವೇರ್, ಅದೇ ಲೆಕ್ಕವನ್ನು ಗ್ರಾಬ್ ಸೆನ್ಸರಿಗೂ ಹಚ್ಚುವುದು ವಾಡಿಕೆಯಾಗಿದೆ. ಗ್ರಾಬ್‌ನಲ್ಲಿ ಆ ತಟಸ್ಥ ಬಿಂದು 405ರಲ್ಲೇ ಇರಬೇಕೆಂದಿಲ್ಲ. ಇಲ್ಲದಿದ್ದರೆ ಕಳೆಯುವ ಹೊತ್ತಿನಲ್ಲಿ ನಿಜ ಸಂಕೇತವನ್ನೇ ಹಿಗ್ಗಿಸಿಬಿಡುತ್ತೇವೆ ಅಥವಾ ಕುಗ್ಗಿಸಿಬಿಡುತ್ತೇವೆ. ಇನ್ನೊಂದು ಕಂಟಕ: ಹಿಮೊಗ್ಲೋಬಿನ್ನಿನ ಅತಿ ಎತ್ತರದ ಹೀರಿಕೆ ಇರುವುದೇ 415ರ ಬಳಿ. ನೇರಳೆಯಲ್ಲಿ ರಕ್ತದ ನೆರಳು ನೀಲಿಗಿಂತ ಎಷ್ಟೋ ಗಾಢ. ಆದ್ದರಿಂದ ಲೆಕ್ಕ ಕಳೆಯುವ ಮೊದಲು ಎರಡೂ ಗೆರೆಗಳನ್ನು ಹಾಗೇ, ಒಂದರಡಿ ಒಂದು ಇಟ್ಟು ಕಣ್ಣಾರೆ ನೋಡಬೇಕು. ಅಲುಗಾಟದ ಮೆಟ್ಟಿಲುಗಳು ಎರಡರಲ್ಲೂ ಒಟ್ಟಿಗೆ ಬರುತ್ತವೆ. ನೀಲಿಯಲ್ಲಿ ಏರಿದ್ದು ನೇರಳೆಯಲ್ಲಿ ಕನ್ನಡಿಯಂತೆ ಇಳಿದಿದ್ದರೆ ಕಳೆಯುವ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಔಷಧದ ಪರೀಕ್ಷೆ ಇನ್ನೊಂದು ಸಾಕ್ಷಿ. ನಾರ್‌ಎಪಿನೆಫ್ರಿನ್ನನ್ನು ನರಕೋಶದೊಳಕ್ಕೆ ವಾಪಸು ಹೀರುವ ಪಂಪನ್ನು ಡೆಸಿಪ್ರಮಿನ್ ಎಂಬ ಔಷಧ ಕಟ್ಟಿಹಾಕುತ್ತದೆ. ಇಲಿಗೆ ಕಿಲೋಗೆ 10 ಮಿಲಿಗ್ರಾಂ ಕೊಟ್ಟರೆ ಸಂಕೇತ ದೊಡ್ಡದಾಗಿ, ತಡವಾಗಿ ಆರಬೇಕು. ಆಲ್ಫಾ-2 ತಡೆಯುವ ಯೋಹಿಂಬಿನ್ ಕೊಟ್ಟರೆ ಗ್ರಾಬ್ ಸೆನ್ಸರಿನ ಸಂಕೇತ ಬಿದ್ದುಹೋಗಬೇಕು. ಬೀಳದಿದ್ದರೆ ಗೆರೆಯ ಮೇಲೆ ಸಂಶಯಪಡಬೇಕು. ಇಲ್ಲಿಯ ವಿಚಿತ್ರವೆಂದರೆ, ಯೋಹಿಂಬಿನ್ ನಿಜಕ್ಕೂ ಮಿದುಳಿನಲ್ಲಿ ನಾರ್‌ಎಪಿನೆಫ್ರಿನ್ ಬಿಡುಗಡೆಯನ್ನು ಹೆಚ್ಚಿಸುತ್ತದೆ. ರಾಸಾಯನಿಕ ಏರುತ್ತಿರುವಾಗ ಗೆರೆ ಇಳಿಯುತ್ತದೆ. ಇದರ ತಿರುವುಮುರುವು ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್, ಜೈಲಾಜಿನ್ ಜೊತೆ. ಇವು ಲೋಕಸ್ ಸೆರೂಲಿಯಸ್ಸನ್ನು ಸುಮ್ಮನಾಗಿಸುತ್ತವೆ, ಆದರೆ ಆಲ್ಫಾ-2 ಗೂಡಿಗೆ ತಾವೇ ಹೋಗಿ ಕೂರುವ ಜಾತಿಯವು. ಕೀಟಮಿನ್-ಜೈಲಾಜಿನ್ ನಮ್ಮ ದೇಶದ ಪ್ರಾಣಿ ಪ್ರಯೋಗಾಲಯಗಳಲ್ಲಿ ಕೈಗೆ ಮೊದಲು ಸಿಗುವ ಅರಿವಳಿಕೆ. ಶಸ್ತ್ರಚಿಕಿತ್ಸೆಗೆ ಬಳಸಿ ವಾರಗಟ್ಟಲೆ ಬಿಟ್ಟರೆ ತೊಂದರೆಯಿಲ್ಲ. ಅದೇ ಅರಿವಳಿಕೆಯಲ್ಲಿಟ್ಟು ಆಲ್ಫಾ-2 ಸೆನ್ಸರ್ ಅಳೆಯಹೊರಟರೆ ಕಾಣುವ ಹೊಳಪು ಮಿದುಳಿನದೋ ಸಿರಿಂಜಿನದೋ ಹೇಳಲಾಗದು. ಅಂಥ ಕಡೆ ಐಸೊಫ್ಲೂರೇನ್ ಆಗಬಹುದು, ಅಥವಾ ಆಲ್ಫಾ-1 ಆಧಾರಿತ ಸೆನ್ಸರ್.

ಇನ್ನು ಡೋಪಮಿನ್. ತಟ್ಟೆಯ ಮೇಲೆ ಬೆಳೆಸಿದ ಕೋಶಗಳಲ್ಲಿ ಗ್ರಾಬ್ ಸೆನ್ಸರ್ ನಾರ್‌ಎಪಿನೆಫ್ರಿನ್ನನ್ನೇ ಹೆಚ್ಚು ಇಷ್ಟಪಡುತ್ತದೆ. 1ಎಂನಲ್ಲಿ ಈ ಆಯ್ಕೆ ನೂರಾರು ಪಟ್ಟು, 1ಎಚ್‌ನಲ್ಲಿ ಕೆಲವು ಹತ್ತು ಪಟ್ಟು ಮಾತ್ರ. ಮುಮ್ಮಿದುಳಿನ ತೊಗಟೆಯಲ್ಲಿ ಇದು ಸಾಕು. ಡೋಪಮಿನ್ ತುಂಬಿ ತುಳುಕುವ, ತೊಗಟೆಯ ಕೆಳಗಿನ ಸ್ಟ್ರಯಾಟಮ್ ಎಂಬ ಭಾಗದಲ್ಲಿ ಸಾಲದೇ ಹೋಗಬಹುದು. ಅಡ್ರಿನಲಿನ್ನಿಗೂ ಇದು ಬೆಳಗುತ್ತದೆ.

ತಟ್ಟೆಯ ಪರೀಕ್ಷೆ ಮಾಡುವ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಸೂಚನೆ: ನಾರ್‌ಎಪಿನೆಫ್ರಿನ್ ದ್ರಾವಣ ಗಾಳಿಗೆ, ಬೆಳಕಿಗೆ ಕೆಡುತ್ತದೆ. ನೀರಿನಂತಿದ್ದದ್ದು ಗುಲಾಬಿಯಾಗಿ, ಬಿಟ್ಟರೆ ಕಂದಾಗುತ್ತದೆ. ಆಸ್ಕಾರ್ಬಿಕ್ ಆಮ್ಲ ಚೂರು ಸೇರಿಸಿ, ಮಂಜುಗಡ್ಡೆಯ ಮೇಲೆ ಕತ್ತಲಲ್ಲಿಟ್ಟು, ಆ ದಿನದ್ದನ್ನು ಆ ದಿನವೇ ಬಳಸಬೇಕು. ಗುಲಾಬಿ ದ್ರಾವಣದಿಂದ ಎಳೆದ ಪ್ರಮಾಣ-ಪ್ರತಿಕ್ರಿಯೆ ರೇಖೆ ಬಲಕ್ಕೆ ಸರಿದಿರುತ್ತದೆ, ಸೆನ್ಸರ್ ಮಂದವೆಂದು ಅದರ ಮೇಲೆ ಸುಳ್ಳು ಆರೋಪ ಬರುತ್ತದೆ. ಬೆಂಗಳೂರಿನಂಥ ಕಡೆ ಈ ಕೆಲಸ ಹೊಸದಾಗಿ ಶುರುಮಾಡುವವರು ಪ್ರಾಣಿಗಳಿಗೆ ಸಾಂಸ್ಥಿಕ ನೈತಿಕ ಸಮಿತಿಯದು, ವೈರಸ್ಸಿಗೆ ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿಯದು ಎಂದು ಎರಡು ಅನುಮತಿಗಳನ್ನು ಬೇರೆ ಬೇರೆ ಪಡೆಯಬೇಕು. ವೈರಸ್ ಹೊರದೇಶದಿಂದ ತರಿಸುವುದಾದರೆ ಒಣಮಂಜು ದಾರಿಯಲ್ಲಿ ಆವಿಯಾಗದಷ್ಟು ಇದೆಯೇ ಎಂದು ಕಳಿಸುವವರಿಂದ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಗೆರೆಯ ಪಕ್ಕದ ಅಂಕಿಗಳ ಬಗ್ಗೆಯೂ ಹೇಳಬೇಕು. ಅವು ನ್ಯಾನೊಮೋಲಾರ್ ಅಲ್ಲ. ಮೂಲ ಬೆಳಕಿಗೆ ಹೋಲಿಸಿದರೆ ಶೇಕಡಾ ಎಷ್ಟು ಬದಲಾಯಿತು ಎಂಬ ಡೆಲ್ಟಾ ಎಫ್ ಬೈ ಎಫ್, ಇಲ್ಲವೇ ಮಾಮೂಲು ಏರಿಳಿತಕ್ಕೆ ಹೋಲಿಸಿ ಎಷ್ಟು ದೂರ ಸರಿಯಿತು ಎಂಬ ಜೆಡ್ ಅಂಕ. ಒಂದು ಇಲಿಯಲ್ಲಿ ವೈರಸ್ ಚೆನ್ನಾಗಿ ಹಿಡಿದಿರುತ್ತದೆ, ಇನ್ನೊಂದರಲ್ಲಿ ಎಳೆ ಕೂದಲೆಳೆಯಷ್ಟು ಪಕ್ಕಕ್ಕೆ ಇಳಿದಿರುತ್ತದೆ. ಈ ಎರಡರ ಎತ್ತರ ಹೋಲಿಸಿ ‘ಇದರಲ್ಲಿ ಎರಡು ಪಟ್ಟು ನಾರ್‌ಎಪಿನೆಫ್ರಿನ್’ ಎನ್ನುವಂತಿಲ್ಲ. ಅದೇ ಇಲಿಯಲ್ಲಿ, ಅದೇ ದಿನ, ಮೊದಲು ಮತ್ತು ನಂತರ ಎಂದು ಹೋಲಿಸುವುದಕ್ಕೆ ಮಾತ್ರ ಬಲವಿದೆ. ಅಲೆಗಳ ನಡುವಿನ ಕಾಲಾಂತರಕ್ಕೆ ಇನ್ನೂ ಹೆಚ್ಚು ಬಲ, ಅದಕ್ಕೆ ಎತ್ತರದ ಹಂಗಿಲ್ಲ.

ಈಗ ನಿಮ್ಮ ಲೇಖನದ ಅಧ್ಯಯನಕ್ಕೆ. ಕನಸಿಲ್ಲದ ನಿದ್ದೆಯಲ್ಲಿ ನಾರ್‌ಎಪಿನೆಫ್ರಿನ್ ಸುಮಾರು 30ರಿಂದ 50 ಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ, ಕನಸಿನ ನಿದ್ದೆಯಲ್ಲಿ ತಳ ಮುಟ್ಟುತ್ತದೆ ಎಂಬುದು ಲೊಸಾನ್‌ನ ಅನಿತಾ ಲೂಥಿ ಅವರ ತಂಡದಿಂದ 2021ರಲ್ಲಿ, ಕೋಪನ್‌ಹೇಗನ್ ತಂಡದಿಂದ 2022ರಲ್ಲಿ ಬೇರೆ ಬೇರೆಯಾಗಿ ಬಂದ ಮಾತು. ಎರಡು ಕಡೆ ಸಿಕ್ಕಿದ್ದರಿಂದ ಅದನ್ನು ಗಟ್ಟಿ ಎನ್ನಬಹುದು. 2025ರ ಅಧ್ಯಯನ ಅದೇ ಇಲಿಗಳಲ್ಲಿ ರಕ್ತದ ಪ್ರಮಾಣ ಮತ್ತು ಮಿದುಳ ದ್ರವದ ಏರಿಳಿತವನ್ನೂ ಜೊತೆಜೊತೆಗೆ ಅಳೆಯಿತು. ಮೇಲೆ ಹೇಳಿದ ಬಲೆಯ ದೃಷ್ಟಿಯಿಂದ ಇದೇ ಅದರ ದೊಡ್ಡ ಗುಣ. ಲೋಕಸ್ ಸೆರೂಲಿಯಸ್ಸನ್ನು ಬೆಳಕಿನಿಂದ ಕೆಣಕಿ ನಾಳಗಳ ಹಿಗ್ಗು-ಕುಗ್ಗನ್ನು ತಾನೇ ಬರಿಸಿಯೂ ನೋಡಿತು. ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆಯ ಔಷಧ ಕೊಟ್ಟ ಇಲಿಗಳು ಬೇಗ ನಿದ್ದೆಹೋದವು. ನಾರ್‌ಎಪಿನೆಫ್ರಿನ್ ಅಲೆಗಳು ಅರ್ಧಕ್ಕಿಳಿದವು, ಮಿದುಳಿಗೆ ದ್ರವ ಹರಿಯುವುದು ಶೇ 30ಕ್ಕೂ ಹೆಚ್ಚು ತಗ್ಗಿತು. ತಗ್ಗಿತು ಎಂಬುದು ನಿಮ್ಮ ಲೇಖನದಲ್ಲಿ ನಿಂತಿತು ಎಂದಾಗಿದೆ. ನಿದ್ದೆಯಲ್ಲಿ ಕಸ ಹೆಚ್ಚು ತೊಳೆದುಹೋಗುತ್ತದೆ ಎಂಬುದರ ಬಗ್ಗೆಯೇ ಭಿನ್ನಾಭಿಪ್ರಾಯವಿದೆ ಎಂಬ ಸಾಲೂ ಅಲ್ಲಿ ಇರಬೇಕಿತ್ತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವೊಂದು 2024ರಲ್ಲಿ ಇಲಿಗಳಲ್ಲಿ ಅಳೆದು, ನಿದ್ದೆಯಲ್ಲೂ ಅರಿವಳಿಕೆಯಲ್ಲೂ ತೊಳೆಯುವಿಕೆ ಕಡಿಮೆಯಾಗುತ್ತದೆ ಎಂದೇ ‘ನೇಚರ್ ನ್ಯೂರೋಸೈನ್ಸ್’ನಲ್ಲಿ ಬರೆದಿತ್ತು. ಈ ಜಗಳ ಇನ್ನೂ ಹರಿದಿಲ್ಲ.

ಈ ಸೆನ್ಸರ್ ಮನುಷ್ಯರ ಮಿದುಳಿಗೆ ಹೋಗಿಲ್ಲ. ವೈರಸ್ಸಿನಿಂದ ಜೀನು ಸೇರಿಸಿ, ಗಾಜಿನ ಎಳೆ ಇಳಿಸಿ ಅಳೆಯುವ ವಿಧಾನವಿದು. ಆದ್ದರಿಂದ ರಾತ್ರಿ 5 ಅಥವಾ 10 ಮಿಲಿಗ್ರಾಂ ಜೋಲ್ಪಿಡೆಮ್ ತೆಗೆದುಕೊಳ್ಳುವವರ ತಲೆಯೊಳಗೆ ಇದೇ ಆಗುತ್ತದೆಂದು ಆ ಹಸಿರು ಗೆರೆ ಹೇಳಲಾರದು. ಲೇಖನ ಓದಿ ಮಾತ್ರೆಯನ್ನು ಒಮ್ಮೆಲೇ ಬಿಟ್ಟುಬಿಡುವವರು ಇದ್ದೇ ಇರುತ್ತಾರೆ. ತಿಂಗಳುಗಟ್ಟಲೆ ತೆಗೆದುಕೊಂಡವರು ಹಾಗೆ ಬಿಟ್ಟರೆ ಮೊದಲಿಗಿಂತ ಕೆಟ್ಟ ನಿದ್ರಾಹೀನತೆ ಮರುಕಳಿಸಬಹುದು, ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದವರಲ್ಲಿ ಅಪರೂಪಕ್ಕೆ ಸೆಳವೂ ಬರಬಹುದು. ಚೀಟಿಯಿಲ್ಲದೆ ಮಾರುವಂತಿಲ್ಲದ ಔಷಧ ಇದು. ಬಿಡುವುದಾದರೂ ಬರೆದುಕೊಟ್ಟ ವೈದ್ಯರನ್ನು ಕೇಳಿ, ಪ್ರಮಾಣ ಇಳಿಸುತ್ತಾ ಬಿಡಬೇಕು. ಈ ಒಂದು ಸಾಲನ್ನು ನಾಳೆಯ ಸಂಚಿಕೆಯಲ್ಲಿ ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಇತಿ,
ನರವಿಜ್ಞಾನದ ಇಬ್ಬರು ಸಂಶೋಧಕರು
ಬೆಂಗಳೂರು